ಬೋರ್ ಬತ್ತಿದಾಗ ಪಂಚಾಯಿತಿ ಲೆಕ್ಕ ಏನಾಗುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಜಿಲ್ಲೆ ಅರಸೀಕೆರೆ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಹಲವು ವರ್ಷ ಕರವಸೂಲಿ ಕೆಲಸ ಮಾಡಿದವನು. ರಸೀದಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮನೆ ಮನೆ ತಿರುಗಿದವನಿಗೆ ಬೈಗುಳ ಹೊಸದೇನಲ್ಲ. ಆದರೆ ಬರದ ವರ್ಷದ ಬೈಗುಳವೇ ಬೇರೆ. 2016ರ ಬರದಲ್ಲಿ ಕೇಳಿದ ಪ್ರಶ್ನೆಗಳನ್ನೇ ಜನ 2023ರಲ್ಲೂ ಕೇಳಿದರು. ಆಗ ನಿಂತ ಕಾಲಲ್ಲಿ ಹೇಳಲು ಆಗದ ಉತ್ತರಗಳನ್ನು ಈಗ ಕೂತು ಬರೆದಿದ್ದೇನೆ. ಇದು ಬಯಲು ಭಾಗದ ಕತೆ. ಅರಸೀಕೆರೆ, ಬಾಣಾವರ, ಪಕ್ಕದ ಕಡೂರು ಕಡೆಯವರಿಗೆ ಹೆಚ್ಚು ಹೊಂದುತ್ತದೆ.

ಮಳೆ ಬಂತಲ್ಲ, ಇನ್ನೂ ಯಾಕೆ ನಲ್ಲಿಯಲ್ಲಿ ನೀರಿಲ್ಲ?

ಮೇ ತಿಂಗಳಲ್ಲಿ ಎರಡು ಗುಡುಗು ಮಳೆ ಬಿದ್ದ ಮಾರನೇ ದಿನವೇ ಈ ಪ್ರಶ್ನೆ ಬರುತ್ತದೆ. ಒಣಗಿದ ನೆಲ ಮೊದಲು ತಾನು ಕುಡಿಯುತ್ತದೆ. ಆಮೇಲೆ ಬೆಳೆ, ಗಿಡ, ಮರ ಕುಡಿಯುತ್ತವೆ. ಇನ್ನಷ್ಟು ಬಿಸಿಲಿಗೆ ಆರಿಹೋಗುತ್ತದೆ, ಹಳ್ಳಕ್ಕೆ ಹರಿಯುತ್ತದೆ. ಕೊನೆಗೆ ಉಳಿದದ್ದು ಮಾತ್ರ ಕೆಳಗಿಳಿಯುತ್ತದೆ. ನಮ್ಮಂಥ ಗಟ್ಟಿ ಬಂಡೆಯ ಸೀಮೆಯಲ್ಲಿ ಬಿದ್ದ ಮಳೆಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಅಂತರ್ಜಲ ಸೇರಿದರೆ ಅದೇ ದೊಡ್ಡದು. ಸರ್ಕಾರದ ಅಂತರ್ಜಲ ಲೆಕ್ಕದವರೂ ಇಂಥ ಬಂಡೆಗೆ 100ಕ್ಕೆ 5ರಿಂದ 12 ಅಂತಲೇ ಹಿಡಿಯುತ್ತಾರೆ.

ಹಾಗಾಗಿ ಮುಂಗಾರು ರಾಗಿಗೆ ಆಯಿತು ಅನ್ನುವಾಗ ಬೋರಿಗೆ ಇನ್ನೂ ಏನೂ ಆಗಿರುವುದಿಲ್ಲ. ಬೋರ್ ಕಾಯುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಬರುವ ಹಸ್ತ, ಚಿತ್ತೆ ಮಳೆಗೆ. ಆ ಮಳೆಗೆ ಕೆರೆ ತುಂಬಿ, ಒಂದೆರಡು ತಿಂಗಳು ನೀರು ನಿಂತರೆ ಸುತ್ತಲಿನ ಬೋರ್‌ಗಳಲ್ಲಿ ಮಟ್ಟ ಏರುತ್ತದೆ. ಅದೇ ಲೆಕ್ಕ ಹಿಂದುಮುಂದಾಗಿಯೂ ನಡೆಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. ಆದರೆ ನಮ್ಮೂರಲ್ಲಿ ಬಿಂದಿಗೆ ಸಾಲು ನಿಂತದ್ದು 2024ರ ಮಾರ್ಚ್ ನಂತರ. ಬರ ಆಕಾಶದಲ್ಲಿ ಕಾಣಿಸಿ ಆರು ತಿಂಗಳಾದ ಮೇಲೆ ನಲ್ಲಿಯಲ್ಲಿ ಕಾಣಿಸಿತು.

ನಮ್ಮ ನೆಲದಡಿ ನೀರು ಎಲ್ಲಿರುತ್ತೆ? ಹೊಳೆ ಥರ ಹರಿಯುತ್ತಾ?

ಪಾಯಿಂಟ್ ನೋಡುವವರು, ಅಂದರೆ ಬೋರ್ ಕೊರೆಯಲು ಜಾಗ ಗುರುತಿಸುವವರು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು "ಇಲ್ಲಿ ಎರಡು ಸೆಲೆ ಕೂಡ್ತವೆ" ಅನ್ನುತ್ತಾರೆ. ಕಾಯಿ ಎದ್ದು ನಿಲ್ಲುವುದನ್ನು ನಾನೂ ನೋಡಿದ್ದೇನೆ. ಆ ಜಾಗದಲ್ಲಿ ಕೊರೆದಾಗ ನೀರಿಲ್ಲದೆ ಬರೀ ಧೂಳು ಬಂದದ್ದನ್ನೂ ನೋಡಿದ್ದೇನೆ.

ನಮ್ಮ ಕಾಲಡಿ ಇರುವುದು ಗ್ರಾನೈಟ್ ಮತ್ತು ಅದರ ಸೋದರ ಬಂಡೆಗಳು. ಭೂವಿಜ್ಞಾನಿಗಳು ಅರಸೀಕೆರೆ-ಬಾಣಾವರ ಗ್ರಾನೈಟ್ ಅಂತ ನಮ್ಮೂರ ಹೆಸರನ್ನೇ ಇಟ್ಟಿದ್ದಾರೆ. ಈ ಬಂಡೆ ಮರಳಿನ ಹಾಗೆ ನೀರು ಹೀರುವುದಿಲ್ಲ. ಮೇಲಿನ ಕೆಲವು ಮಾರು ಕೊಳೆತು ಪುಡಿಯಾದ ಬಂಡೆ. ಅದರಲ್ಲಿ ಸ್ವಲ್ಪ ನೀರು. ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರು. 100 ಲೀಟರ್ ಹಿಡಿಯುವಷ್ಟು ಜಾಗದ ಬಂಡೆಯಿಂದ ನಮಗೆ ಸಿಗುವ ನೀರು ಒಂದರಿಂದ ಮೂರು ಲೀಟರ್, ಅಷ್ಟೇ.

ಇದರ ಪರಿಣಾಮ ದೊಡ್ಡದು. ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದು, ಅದರಲ್ಲಿ 60 ಮಿ.ಮೀ. ಒಳಗೆ ಇಳಿಯಿತು ಅಂತ ಇಟ್ಟುಕೊಳ್ಳಿ. ಬಂಡೆ 100ಕ್ಕೆ 2ರಷ್ಟು ನೀರು ಹಿಡಿಯುತ್ತದೆ ಅಂದರೆ ಆ 60 ಮಿ.ಮೀ. ನೀರು ಮಟ್ಟವನ್ನು 3 ಮೀಟರ್ ಏರಿಸುತ್ತದೆ. ತೆಗೆದರೂ ಅಷ್ಟೇ ಬೇಗ ಇಳಿಸುತ್ತದೆ. ಒಂದು ವರ್ಷ ಮಳೆ ಇಲ್ಲದೆ ತೋಟದವರೂ ಪಂಚಾಯಿತಿಯವರೂ ಎಂದಿನಂತೆ ಎತ್ತಿದರೆ 10 ಅಡಿ ಹೋಯಿತು. ಕುಡಿಕೆ ಚಿಕ್ಕದಾದರೆ ತುಂಬುವುದೂ ಬೇಗ, ಖಾಲಿಯಾಗುವುದೂ ಬೇಗ.

ಒಂದೇ ಜಿಲ್ಲೆ. ಸಕಲೇಶಪುರದಲ್ಲಿ ಕೊಡೆ ಹಿಡಿದು ಓಡಾಡ್ತಾರೆ, ನಮಗೆ ಮಾತ್ರ ಟ್ಯಾಂಕರ್ ಯಾಕೆ?

ಘಟ್ಟದ ತುದಿಯ ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟಿ ಮಳೆ. ಅಲ್ಲಿಂದ ಪೂರ್ವಕ್ಕೆ ಬಂದಂತೆಲ್ಲ ಕಡಿಮೆಯಾಗಿ, ಅರಸೀಕೆರೆಗೆ ಬರುವ ಹೊತ್ತಿಗೆ ಮೂರರಲ್ಲೊಂದು ಭಾಗಕ್ಕೆ ಇಳಿದಿರುತ್ತದೆ. ಚಿಕ್ಕಮಗಳೂರಲ್ಲೂ ಹಾಗೇ. ಮೂಡಿಗೆರೆ ನೆನೆಯುತ್ತದೆ, ಕಡೂರು ನೋಡುತ್ತಾ ಕೂರುತ್ತದೆ. ಜಿಲ್ಲೆಯ ಸರಾಸರಿ ಮಳೆ ಅಂತ ಪೇಪರಿನಲ್ಲಿ ಬಂದಾಗ ನನಗೆ ನಗು ಬರುತ್ತದೆ. ಆ ಸರಾಸರಿ ಮಳೆ ಬೀಳುವ ಊರು ಯಾವುದು ಅಂತ ಯಾರಾದರೂ ತೋರಿಸಬೇಕು.

ಇನ್ನೂ ಆಳಕ್ಕೆ ಕೊರೆಸಿಬಿಟ್ಟರೆ ಆಗಲ್ವಾ?

ಗ್ರಾಮಸಭೆಯಲ್ಲಿ ಜಾಸ್ತಿ ಚಪ್ಪಾಳೆ ಬೀಳುವ ಸಲಹೆ ಇದು. ಆಳಕ್ಕೆ ಹೋದಷ್ಟೂ ಬಂಡೆಯ ಬಿರುಕುಗಳು ಕಡಿಮೆಯಾಗುತ್ತವೆ. 300 ಅಡಿಯಲ್ಲಿ ಸಿಗದ ನೀರು 900 ಅಡಿಯಲ್ಲಿ ಸಿಗಬಹುದು, ಸಿಗದೇ ಇರಬಹುದು. ಸಿಕ್ಕಿದರೂ ಅದು ತುಂಬಾ ಹಳೆಯ ನೀರಿರಬಹುದು, ಈ ವರ್ಷದ ಮಳೆ ಅದಕ್ಕೆ ಬೇಗ ಮುಟ್ಟುವುದಿಲ್ಲ. ಮೊದಲ ತಿಂಗಳು ಎರಡು ಇಂಚು ಹೊಡೆದ ಬೋರ್ ಮೂರನೇ ತಿಂಗಳು ತಾಸು ಬಿಟ್ಟು ತಾಸು ಕಕ್ಕುವುದನ್ನು ನೀವೂ ನೋಡಿರುತ್ತೀರಿ.

ಖರ್ಚಿನ ಕಡೆ ಬರೋಣ. ರಿಗ್ ಲಾರಿಗೆ ಅಡಿ ಲೆಕ್ಕ. ಕೆಳಗೆ ಹೋದಂತೆ ಅಡಿಯ ರೇಟೂ ಏರುತ್ತದೆ. ನೀರು ಬರಲಿ, ಬರದಿರಲಿ, ಕೊರೆದವರಿಗೆ ಕೊಡಲೇಬೇಕು. ಮೇಲೆ ಕೇಸಿಂಗ್, ದೊಡ್ಡ ಮೋಟರ್, ಉದ್ದದ ಕೇಬಲ್, ಪೈಪು, ಪ್ಯಾನೆಲ್ ಬೋರ್ಡು, ಹೊಸ ಕರೆಂಟ್ ಸಂಪರ್ಕ. ಬೋರ್ ಫೇಲಾದರೆ ಆ ಹಣಕ್ಕೆ ತೋರಿಸಲು ಊರಲ್ಲಿ ಏನೂ ಉಳಿಯುವುದಿಲ್ಲ, ಮುಚ್ಚಬೇಕಾದ ಒಂದು ತೂತು ಮಾತ್ರ. ದಯವಿಟ್ಟು ಅದನ್ನು ಮುಚ್ಚಿಸಿ. ಮಕ್ಕಳಿರುವ ಊರು.

ಇನ್ನೊಂದು ಮಾತು. ಏಪ್ರಿಲ್ ತಿಂಗಳಲ್ಲಿ ಜನ ಖಾಲಿ ಕೊಡ ತಂದು ಪಂಚಾಯಿತಿ ಮುಂದೆ ಇಟ್ಟಾಗ ಕೊರೆಸುವ ಬೋರ್ ಸಿಟ್ಟಿನ ಬೋರ್. ಆಗ ರಿಗ್‌ಗೆ ಬೇಡಿಕೆ ಜಾಸ್ತಿ, ರೇಟೂ ಜಾಸ್ತಿ, ಜಾಗ ಸರಿಯಾಗಿ ನೋಡಲು ಪುರುಸೊತ್ತಿಲ್ಲ. ಒಂದು ಬೇಸಿಗೆಯಲ್ಲಿ ನಾವು ಹೀಗೆ ಸಾಲಾಗಿ ನಾಲ್ಕು ಕೊರೆಸಿದೆವು. ಮೂರರಲ್ಲಿ ಧೂಳು.

ನೀರು ಅರ್ಧ ಕೊಟ್ಟಿದ್ದೀರಿ, ಕರೆಂಟ್ ಬಿಲ್ ಮಾತ್ರ ಜಾಸ್ತಿ ಅಂತೀರಿ. ಇದ್ಯಾವ ಲೆಕ್ಕ?

ಇದೇ ನನಗೆ ಇಷ್ಟದ ಪ್ರಶ್ನೆ. ಕೇಳಿದವರು ಅನುಮಾನದಿಂದ ಕೇಳುತ್ತಾರೆ. ಲೆಕ್ಕ ಹಾಕಿ ತೋರಿಸಿದರೆ ಸುಮ್ಮನಾಗುತ್ತಾರೆ. ನೀವೂ ಒಂದು ಪೆನ್ನು ತಗೊಳ್ಳಿ.

500 ಮನೆಯ ಊರು, ಮನೆಗೆ 5 ಜನ. ಒಟ್ಟು 2,500 ಜನ. ಮನೆ ಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ದಿನಕ್ಕೆ 1,37,500 ಲೀಟರ್.

ಒಳ್ಳೇ ವರ್ಷ ಬೋರಿನಲ್ಲಿ ನೀರು 200 ಅಡಿಯಲ್ಲಿದೆ ಅನ್ನೋಣ. ಓವರ್‌ಹೆಡ್ ಟ್ಯಾಂಕ್ ಎತ್ತರ 50 ಅಡಿ ಸೇರಿಸಿದರೆ 250 ಅಡಿ, ಸುಮಾರು 75 ಮೀಟರ್. 1,000 ಲೀಟರ್ ನೀರನ್ನು 100 ಮೀಟರ್ ಎತ್ತಲು ಒಂದು ಚೂರೂ ನಷ್ಟವಿಲ್ಲದ ಮೋಟರ್‌ಗೆ ಬೇಕಾಗುವುದು ಕಾಲು ಯೂನಿಟ್‌ಗಿಂತ ಚೂರು ಹೆಚ್ಚು. ಅಂಥ ಮೋಟರ್ ಎಲ್ಲೂ ಇಲ್ಲ. ನಮ್ಮ ಊರಿನ ಮೋಟರ್‌ಗಳು ನೂರಕ್ಕೆ 40 ಕೆಲಸ ಮಾಡಿದರೆ ಪುಣ್ಯ. ಆ ಲೆಕ್ಕದಲ್ಲಿ 75 ಮೀಟರ್‌ಗೆ 1,000 ಲೀಟರಿಗೆ ಅರ್ಧ ಯೂನಿಟ್. ದಿನಕ್ಕೆ ಸುಮಾರು 70 ಯೂನಿಟ್, ತಿಂಗಳಿಗೆ 2,100.

ಈಗ ಬರ. ಆ ಬೋರ್ ಬತ್ತಿ, 800 ಅಡಿ ಆಳದ ಇನ್ನೊಂದು ಬೋರಿನಿಂದ ನೀರು ಎತ್ತಬೇಕಾಗಿದೆ ಅನ್ನೋಣ. ಟ್ಯಾಂಕ್ ಸೇರಿ 850 ಅಡಿ, ಸುಮಾರು 255 ಮೀಟರ್. 1,000 ಲೀಟರಿಗೆ ಈಗ 1.7 ಯೂನಿಟ್ ದಾಟುತ್ತದೆ. ನೀರು ಅರ್ಧಕ್ಕೆ ಇಳಿದು ದಿನಕ್ಕೆ 68,750 ಲೀಟರ್ ಮಾತ್ರ ಸಿಗುತ್ತಿದೆ. ಆದರೂ ದಿನಕ್ಕೆ 119 ಯೂನಿಟ್, ತಿಂಗಳಿಗೆ ಸುಮಾರು 3,580. ನೀರು ಅರ್ಧ, ಕರೆಂಟು ಸುಮಾರು 1.7 ಪಟ್ಟು.

ಇದು ಮೋಟರ್ ಸರಿಯಾಗಿ ಓಡಿದಾಗಿನ ಮಾತು. ಬರದಲ್ಲಿ ಮೋಟರ್ ಸರಿಯಾಗಿ ಓಡುವುದಿಲ್ಲ. ನೀರು ಕೈಬಿಟ್ಟಾಗ ಖಾಲಿ ತಿರುಗಿ ಬಿಸಿಯಾಗುತ್ತದೆ, ವೋಲ್ಟೇಜ್ ಇಳಿದಾಗ ಗುಂಯ್‌ಗುಟ್ಟುತ್ತದೆ, ಒಂದು ದಿನ ಸುಟ್ಟು ಕೂರುತ್ತದೆ. ಎತ್ತುವ ಕೂಲಿ, ವೈಂಡಿಂಗ್, ಮತ್ತೆ ಇಳಿಸುವ ಕೂಲಿ. ಆ ಮೂರು ದಿನ ಊರಿಗೆ ನೀರಿಲ್ಲ. ಬರದ ವರ್ಷ ರಿಪೇರಿ ವೋಚರ್‌ಗಳ ಕಟ್ಟು ಎಷ್ಟು ದಪ್ಪ ಇತ್ತೆಂದರೆ ಟ್ಯಾಗ್ ದಾರ ಸಾಲಲಿಲ್ಲ.

ಮೇಲೊಂದು ವಿಚಿತ್ರ. ಬರ ಬಂದರೆ ಶರಾವತಿಯಂಥ ಕಡೆ ಜಲವಿದ್ಯುತ್ತೂ ಕಡಿಮೆ. 2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಕರೆಂಟಿಗೇ ತತ್ವಾರವಾಯಿತು. ಹೆಚ್ಚು ಹೊತ್ತು ಪಂಪ್ ಮಾಡಬೇಕಾದ ವರ್ಷವೇ ಕರೆಂಟ್ ಇರುವ ಹೊತ್ತು ಕಡಿಮೆ.

ಬತ್ತಿದ ಬೋರಿಗೂ ಬಿಲ್ ಬರುತ್ತಾ?

ಬರುತ್ತದೆ. ಸಂಪರ್ಕ ಇರುವವರೆಗೂ ಮೋಟರ್‌ನ ಎಚ್‌ಪಿ ಮೇಲೆ ನಿಗದಿತ ಶುಲ್ಕ ಇದ್ದೇ ಇರುತ್ತದೆ. ನೀರು ಸರಬರಾಜಿನ ಸಂಪರ್ಕಗಳಿಗೆ ಬೇರೆಯೇ ದರ. ರೈತರ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಇರುವ ಉಚಿತ ಕರೆಂಟ್ ಪಂಚಾಯಿತಿಯ ಕುಡಿಯುವ ನೀರಿನ ಪಂಪಿಗಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹಾಗಾಗಿ ಸತ್ತ ಬೋರಿನ ಆರ್‌.ಆರ್. ನಂಬರ್, ಅಂದರೆ ಕರೆಂಟ್ ಸಂಪರ್ಕದ ನಂಬರ್, ರದ್ದು ಮಾಡಿಸುವುದು ಸಣ್ಣ ಕೆಲಸವಲ್ಲ. ನಾನು ಒಮ್ಮೆ ಪಟ್ಟಿ ಹಿಡಿದು ಊರೂರು ಸುತ್ತಿದೆ. ಒಂದು ಮೀಟರ್ ಇದ್ದ ಜಾಗದಲ್ಲಿ ಬೋರೂ ಇರಲಿಲ್ಲ, ಮೋಟರೂ ಇರಲಿಲ್ಲ, ರಸ್ತೆ ಅಗಲ ಮಾಡಿದ್ದರು. ಬಿಲ್ ಮಾತ್ರ ತಿಂಗಳು ತಪ್ಪದೆ ಬರುತ್ತಿತ್ತು. ನಿಮ್ಮ ಪಂಚಾಯಿತಿ ಸದಸ್ಯರನ್ನು ಒಂದು ಪ್ರಶ್ನೆ ಕೇಳುವುದಾದರೆ ಇದನ್ನೇ ಕೇಳಿ: ನಮ್ಮ ಊರಿನ ಹೆಸರಲ್ಲಿ ಎಷ್ಟು ಆರ್‌.ಆರ್. ನಂಬರ್ ಇವೆ, ಅದರಲ್ಲಿ ಎಷ್ಟು ಬೋರ್ ನೀರು ಕೊಡುತ್ತಿವೆ?

ನೀರೇ ಬಿಟ್ಟಿಲ್ಲ, ದುಡ್ಡು ಯಾಕೆ ಕೊಡಬೇಕು?

ನ್ಯಾಯವಾದ ಮಾತು. ನಾನು ಎದುರಿಗೆ ನಿಂತು ಇದಕ್ಕೆ ಉತ್ತರ ಕೊಡಲು ಯಾವತ್ತೂ ಪ್ರಯತ್ನಿಸಲಿಲ್ಲ. ಒಬ್ಬ ಅಜ್ಜಿ ಖಾಲಿ ತಂಬಿಗೆ ತೋರಿಸಿ, "ಇದಕ್ಕೆ ರಸೀದಿ ಬರಿ ಮಗ" ಅಂದಿದ್ದರು. ಆ ದಿನ ಪುಸ್ತಕ ಮುಚ್ಚಿಕೊಂಡು ವಾಪಸ್ ಬಂದೆ.

ಆದರೆ ಕಚೇರಿಯಲ್ಲಿ ಕೂತರೆ ಬೇರೆ ಚಿತ್ರ ಕಾಣುತ್ತದೆ. ನೀರು ಕೊಡುವ ಖರ್ಚಿನಲ್ಲಿ ದೊಡ್ಡ ಪಾಲು, ನೀರು ಎಷ್ಟು ಕೊಟ್ಟಿರಿ ಅನ್ನುವುದಕ್ಕೆ ಸಂಬಂಧವೇ ಇಲ್ಲದ ಖರ್ಚು. ನೀರುಗಂಟಿಯ ಸಂಬಳ, ಕರೆಂಟಿನ ನಿಗದಿತ ಶುಲ್ಕ, ಪೈಪ್ ಒಡೆದರೆ ರಿಪೇರಿ, ಬ್ಲೀಚಿಂಗ್ ಪೌಡರ್. ಟ್ಯಾಂಕಿನಲ್ಲಿ ನೀರು ಅರ್ಧ ಇದ್ದರೆ ನೀರುಗಂಟಿಗೆ ಅರ್ಧ ಸಂಬಳ ಕೊಡಲು ಬರುತ್ತಾ? ಬರದಲ್ಲಿ ಅವನ ಕೆಲಸ ದುಪ್ಪಟ್ಟು. ರಾತ್ರಿ 2 ಗಂಟೆಗೆ ಕರೆಂಟ್ ಬಂದಾಗ ಎದ್ದು ವಾಲ್ವ್ ತಿರುಗಿಸುವವನು ಅವನೇ, ಬೆಳಗ್ಗೆ ಬೈಸಿಕೊಳ್ಳುವವನೂ ಅವನೇ.

ನಗರಗಳಲ್ಲಿ ಮೀಟರ್ ಇರುವ ಕಡೆ ನೀರು ಕಡಿಮೆಯಾದರೆ ಬಿಲ್ ತಾನೇ ಇಳಿಯುತ್ತದೆ, ಸಂಸ್ಥೆಯ ಆದಾಯವೂ ಇಳಿಯುತ್ತದೆ. ಜನ ನೀರು ಉಳಿಸಿದಷ್ಟೂ ಅದಕ್ಕೆ ನಷ್ಟ. ನಮ್ಮಲ್ಲಿ ತಿಂಗಳಿಗೆ ಇಷ್ಟು ಅಂತ ಕಟ್ಟು ದರ. ಕಾಗದದ ಮೇಲೆ ಬೇಡಿಕೆ ಇಳಿಯುವುದಿಲ್ಲ, ವಸೂಲಿ ಇಳಿಯುತ್ತದೆ. ಬರದಲ್ಲಿ ರಾಗಿ ಇಲ್ಲ, ತೆಂಗು ಹರಳು ಉದುರಿಸುತ್ತದೆ, ಕೈಯಲ್ಲಿ ಕಾಸಿಲ್ಲ. ಆಗ ನೀರಿನ ಕಂದಾಯದ ಜೊತೆ ಮನೆ ಕಂದಾಯವೂ ನಿಲ್ಲುತ್ತದೆ. ಖರ್ಚು ಏರುವ ತಿಂಗಳು, ಆದಾಯ ಇಳಿಯುವ ತಿಂಗಳು ಒಂದೇ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬರದ ನಾಲ್ಕು ತಿಂಗಳು ವಸೂಲಿಗೆ ಹೋಗಲೇಬಾರದು. ಹಾಗಂತ ಮನ್ನಾ ಮಾಡಿದೆವು ಅಂತ ಡಂಗುರ ಸಾರುವುದೂ ತಪ್ಪು. ಒಮ್ಮೆ ಮನ್ನಾ ಅಂದರೆ ಮುಂದಿನ ವರ್ಷ ಕೆರೆ ಕೋಡಿ ಬಿದ್ದರೂ ಜನ ಮನ್ನಾಕ್ಕೆ ಕಾಯುತ್ತಾರೆ. ಕೊಬ್ಬರಿ ಮಾರಿದ ತಿಂಗಳು ಹೋಗಿ ಕೇಳಿದರೆ ಕೊಡದವರು ಕಡಿಮೆ.

ಟ್ಯಾಂಕರ್ ಓಡಿಸೋಕೆ ಸರ್ಕಾರ ದುಡ್ಡು ಕೊಡುತ್ತಲ್ಲ, ಪಂಚಾಯಿತಿಗೆ ಏನು ಭಾರ?

ಕೊಡುತ್ತದೆ, ಇಲ್ಲ ಅನ್ನುವುದಿಲ್ಲ. ಬರ ಘೋಷಣೆಯಾದರೆ ವಿಪತ್ತು ಪರಿಹಾರ ನಿಧಿಯ ಹಣ ಜಿಲ್ಲಾಧಿಕಾರಿ, ತಹಶೀಲ್ದಾರ್ ಮೂಲಕ ಬರುತ್ತದೆ. ಶಾಸಕರ ಅಧ್ಯಕ್ಷತೆಯ ತಾಲೂಕು ಟಾಸ್ಕ್‌ಫೋರ್ಸ್ ಕೂತು ಯಾವ ಊರಿಗೆ ಬೋರ್, ಯಾವ ಊರಿಗೆ ಟ್ಯಾಂಕರ್ ಅಂತ ತೀರ್ಮಾನಿಸುತ್ತದೆ. ತೊಂದರೆ ಇರುವುದು ಹಣ ಬರುವ ಹೊತ್ತಿನಲ್ಲಿ. ಜನಕ್ಕೆ ನೀರು ಇವತ್ತು ಬೇಕು. ಟ್ಯಾಂಕರ್‌ನವನಿಗೆ ಡೀಸೆಲ್ ದುಡ್ಡು ಇವತ್ತು ಬೇಕು. ಮಂಜೂರಾತಿ ಆಮೇಲೆ ಬರುತ್ತದೆ.

ಎಷ್ಟು ಹಣ ಅಂತ ಅಂದಾಜು ಬೇಕಾ? ಮೇಲಿನ 500 ಮನೆಯ ಊರನ್ನೇ ತಗೊಳ್ಳಿ. ದಿನಕ್ಕೆ 68,750 ಲೀಟರ್ ಕೊರತೆ. 5,000 ಲೀಟರ್ ಟ್ಯಾಂಕರಿನಲ್ಲಿ 14 ಲೋಡ್. ಲೋಡಿಗೆ 800 ರೂಪಾಯಿ ಅಂತ ಸುಮ್ನೆ ಹಿಡಿದರೂ ದಿನಕ್ಕೆ 11,200, ತಿಂಗಳಿಗೆ 3,36,000 ರೂಪಾಯಿ. ಅದೇ ಊರಲ್ಲಿ ಮನೆಗೆ ತಿಂಗಳಿಗೆ 100 ರೂಪಾಯಿ ನೀರಿನ ಕಂದಾಯ ಇದ್ದು, ಒಬ್ಬರೂ ಬಿಡದೆ ಕಟ್ಟಿದರೆ ಬರುವುದು 50,000. ಒಂದು ತಿಂಗಳ ಟ್ಯಾಂಕರ್ ಆರು ತಿಂಗಳ ಕಂದಾಯ ನುಂಗಿ ಇನ್ನೂ ಬಾಯಿ ತೆರೆದಿರುತ್ತದೆ.

ಅದಕ್ಕೇ ಯಾವ ಊರಲ್ಲೂ ಕೊರತೆಯಷ್ಟು ಟ್ಯಾಂಕರ್ ಬರುವುದಿಲ್ಲ. 14 ಬೇಕಾದ ಕಡೆ 4 ಬರುತ್ತವೆ. ಉಳಿದದ್ದನ್ನು ನೀವು ತೋಟದ ಬೋರಿನಿಂದ, ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡು, ನಿಮ್ಮ ಮನೆಯ ಹೆಣ್ಣುಮಕ್ಕಳ ಸೊಂಟದ ಮೇಲೆ ತುಂಬಿಸಿಕೊಳ್ಳುತ್ತೀರಿ. ಆ ಖರ್ಚು ಯಾವ ಪಂಚಾಯಿತಿಯ ಲೆಕ್ಕದಲ್ಲೂ ಬರುವುದಿಲ್ಲ.

ಬರ ಅಂತ ಘೋಷಣೆ ಯಾರು ಮಾಡ್ತಾರೆ?

ರಾಜ್ಯ ಸರ್ಕಾರ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮೊದಲು ಮಳೆ ಕೊರತೆ ನೋಡುತ್ತಾರೆ. ಆಮೇಲೆ ಬಿತ್ತನೆ, ಬೆಳೆಯ ಹಸಿರು, ಮಣ್ಣಿನ ತೇವ, ಕೆರೆ ಮತ್ತು ಅಂತರ್ಜಲ. ಕೊನೆಗೆ ಕೆಲವು ಹಳ್ಳಿಗಳಿಗೆ ಹೋಗಿ ಬೆಳೆ ನೋಡುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಮೊದಲು 195 ತಾಲೂಕು ಅಂದರು, ಆಮೇಲೆ ಏರುತ್ತಾ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಆದವು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಯಲ್ಲಿ, ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಏಪ್ರಿಲ್ ಕೊನೆ ಅಂದರೆ ಯಾವ ಕಾಲ ಅಂತ ನಿಮಗೇ ಗೊತ್ತು.

ನನ್ನ ತೋಟದ ಬೋರಿಗೂ ಪಂಚಾಯಿತಿ ಬೋರಿಗೂ ಏನು ಸಂಬಂಧ? ನನ್ನ ಜಮೀನು, ನನ್ನ ನೀರು.

ಜಮೀನಿಗೆ ಬೇಲಿ ಹಾಕಬಹುದು. ಬಂಡೆಯ ಬಿರುಕಿಗೆ ಬೇಲಿ ಇಲ್ಲ. ಪಕ್ಕಪಕ್ಕದ ಎರಡು ಬೋರ್ ಒಂದೇ ಬಿರುಕಿಗೆ ಬಾಯಿ ಹಾಕಿದ್ದರೆ, ಯಾರ ಮೋಟರ್ ಕೆಳಗಿದೆಯೋ ಅವರಿಗೆ ನೀರು. ಪಂಚಾಯಿತಿ ಬೋರ್ 400 ಅಡಿ, ಪಕ್ಕದ ತೋಟದವರು 900 ಅಡಿಗೆ ಇಳಿಸಿದರೆ ಊರಿನ ನಲ್ಲಿ ನಿಲ್ಲುತ್ತದೆ. ಇದನ್ನು ತಡೆಯಲೆಂದೇ 1999ರಲ್ಲಿ ರಾಜ್ಯದಲ್ಲಿ ಒಂದು ಕಾಯ್ದೆ ಬಂತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರ್ ತೋಡುವ ಹಾಗಿಲ್ಲ. 2011ರ ಅಂತರ್ಜಲ ಕಾಯ್ದೆ ಇನ್ನೂ ವಿಶಾಲವಾದದ್ದು, ಬೋರ್ ನೋಂದಣಿಯನ್ನೂ ಕೇಳುತ್ತದೆ.

ಕಾಯ್ದೆ ಪುಸ್ತಕದಲ್ಲಿದೆ. ರಿಗ್ ಲಾರಿ ರಾತ್ರಿ 11ಕ್ಕೆ ಬರುತ್ತದೆ, ಬೆಳಗ್ಗೆ 6ಕ್ಕೆ ಹೋಗಿರುತ್ತದೆ. ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. 2016-17ರಲ್ಲಿ 30 ವರ್ಷದ ತೆಂಗು ತಲೆಬಾಗಿ ನಿಂತದ್ದನ್ನು ನೋಡಿದವರಿಗೆ, ಸಾಲ ಮಾಡಿ ಬೋರ್ ಕೊರೆಸಿದ ರೈತನ ಮೇಲೆ ಸಿಟ್ಟು ಬರುವುದಿಲ್ಲ. ಆದರೆ ಆ ರೈತನ ಮನೆಯ ನಲ್ಲಿಗೂ ನೀರು ಬರುವುದು ಅದೇ ಪಂಚಾಯಿತಿ ಬೋರಿನಿಂದ.

ಖಾಸಗಿಯವರ ಬೋರ್ ಬಾಡಿಗೆಗೆ ತಗೊಳ್ಳಬಹುದಲ್ವಾ?

ತಗೊಳ್ಳಬಹುದು, ತಗೊಳ್ಳುತ್ತಾರೆ. ನನ್ನ ಮಟ್ಟಿಗೆ ಹೊಸ ಬೋರಿಗಿಂತ ಇದು ಎಷ್ಟೋ ಮೇಲು. ನೀರು ಇದೆ ಅಂತ ಕಣ್ಣಾರೆ ಕಂಡು ದುಡ್ಡು ಕೊಡುತ್ತೀರಿ. ಮಳೆ ಬಂದ ಮೇಲೆ ಬಿಟ್ಟುಬಿಡುತ್ತೀರಿ. ಒಪ್ಪಂದ ಬರವಣಿಗೆಯಲ್ಲಿರಲಿ, ದಿನಕ್ಕೆ ಎಷ್ಟು ತಾಸು ಅಂತ ಬರೆದಿರಲಿ. ಬಾಯಿಮಾತಿನ ಒಪ್ಪಂದ ಊರ ಹಬ್ಬದ ಹೊತ್ತಿಗೆ ಜಗಳವಾಗುತ್ತದೆ. ಬಾಡಿಗೆ ತಡವಾದರೆ ಮುಂದಿನ ಬರಕ್ಕೆ ಆ ಮನುಷ್ಯ ಗೇಟು ತೆಗೆಯುವುದಿಲ್ಲ ಅನ್ನುವುದೂ ನೆನಪಿರಲಿ.

ಆಳದ ನೀರು ಕುಡಿಯಬಹುದಾ? ಬಾಯಿಗೆ ಒಗರು ಅನ್ನಿಸುತ್ತೆ.

ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ನಮ್ಮ ಭಾಗದ ಕೆಲವು ಕಡೆ ಫ್ಲೋರೈಡ್ ಇದೆ. ಬಂಡೆಯ ಜೊತೆ ಹೆಚ್ಚು ಕಾಲ ಇದ್ದ ನೀರಿನಲ್ಲಿ ಅದು ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಅದರ ಮೇಲೆ ಹೋದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ವರ್ಷಗಟ್ಟಲೆ ಕುಡಿದರೆ ಮಂಡಿ, ಸೊಂಟ ಬಿಗಿಯುವುದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ.

ಅದಕ್ಕೇ ಊರೂರಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಬಂದವು. ಒಳ್ಳೆಯದೇ. ಆದರೆ ಅವು ಕುಡಿಯುವ ನೀರಿನ ಜೊತೆ ತುಂಬಾ ನೀರನ್ನು ಹೊರಗೆ ಚೆಲ್ಲುತ್ತವೆ. ಬರದಲ್ಲಿ ಆ ಚೆಲ್ಲಿದ ನೀರು ಚರಂಡಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕನಿಷ್ಠ ಒಂದು ತೊಂಬೆ ಕಟ್ಟಿಸಿ ಹಿಡಿದಿಟ್ಟು, ಪಾತ್ರೆ ತೊಳೆಯಲೋ ಶೌಚಾಲಯಕ್ಕೋ ಬಳಸಬಹುದು. ಫಿಲ್ಟರ್ ಬದಲಿಸುವ ಖರ್ಚು ಮತ್ತೆ ಪಂಚಾಯಿತಿಯದೇ.

ಎತ್ತಿನಹೊಳೆ, ಹೇಮಾವತಿ ನೀರು ಬಂದರೆ ಬೋರಿನ ಗೋಳು ತಪ್ಪುತ್ತಲ್ಲ?

ತಪ್ಪಬೇಕು ಅಂತ ನನಗೂ ಆಸೆ. ಘಟ್ಟದ ಹಳ್ಳಗಳ ನೀರನ್ನು ಬಯಲು ಸೀಮೆಗೆ ಎತ್ತಿ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದ ಹತ್ತಿರ ಚಾಲನೆ ಕೊಟ್ಟರು. ಯೋಜನೆಯ ಲೆಕ್ಕ 24.01 ಟಿಎಂಸಿ. ಆ ನೀರನ್ನು ಎತ್ತುವುದು ಮಳೆಗಾಲದಲ್ಲಿ. ಘಟ್ಟದಲ್ಲಿ ಮಳೆ ಕಡಿಮೆಯಾದ ವರ್ಷ ಎತ್ತಲು ನೀರೂ ಕಡಿಮೆ. ಗೊರೂರಿನ ಹೇಮಾವತಿ ಜಲಾಶಯ ತುಂಬಿದರೆ 37 ಟಿಎಂಸಿ. ಆದರೆ ಅದು ಕಾವೇರಿ ಕಣಿವೆಯ ನೀರು, 2023ರಲ್ಲಿ ಆ ಕಣಿವೆಯೇ ಸೊರಗಿತ್ತು. ದೂರದ ನೀರು ಬಂದರೆ ಬರ ಹೋಗುವುದಿಲ್ಲ, ಬರ ಸ್ವಲ್ಪ ತಡವಾಗಿ ಬರುತ್ತದೆ.

ಹಣದ ಮಾತೂ ಇದೆ. ಒಂದೇ ಮೂಲದಿಂದ ಹಲವು ಊರಿಗೆ ಪೈಪಿನಲ್ಲಿ ಕೊಡುವ ಬಹುಗ್ರಾಮ ಯೋಜನೆಯ ನೀರಿಗೂ ಯಾರೋ ಪಂಪ್ ಮಾಡಬೇಕು, ಶುದ್ಧ ಮಾಡಬೇಕು. ಆ ಪೈಪು ಬಂತೆಂದು ಹಳೇ ಬೋರ್‌ಗಳ ಮೋಟರ್ ಕಿತ್ತು ಮಾರಿದ ಊರುಗಳಿವೆ. ಒಂದು ದಿನ ದೊಡ್ಡ ಪೈಪ್ ಒಡೆಯುತ್ತದೆ, ಊರಿಗೆ ಬಾಯಾರುತ್ತದೆ. ಒಂದೆರಡು ಒಳ್ಳೇ ಬೋರನ್ನು ವಾರಕ್ಕೊಮ್ಮೆ ಓಡಿಸಿ ಜೀವಂತ ಇಟ್ಟುಕೊಳ್ಳಿ.

ಮನೆ ಮನೆಗೆ ಮೀಟರ್ ಹಾಕಿದರೆ ಸರಿಹೋಗುತ್ತಾ?

ಅರ್ಧ ಸರಿಹೋಗುತ್ತದೆ. ನಲ್ಲಿಗೆ ಮೋಟರ್ ಹಾಕಿ ಅಡಿಕೆ ಸಸಿಗೆ ಬಿಡುವವರಿಗೂ, ಎರಡು ಕೊಡ ಹಿಡಿಯುವ ಒಂಟಿ ಮುದುಕಿಗೂ ಒಂದೇ ದರ ಅನ್ನುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಆದರೆ ಮನೆಯ ಮೀಟರ್‌ಗಿಂತ ಮೊದಲು ಬೋರಿನ ಬಾಯಿಗೊಂದು, ಟ್ಯಾಂಕಿನ ಕೆಳಗೊಂದು ಮೀಟರ್ ಬೇಕು. ಎಷ್ಟು ಎತ್ತಿದೆವು, ಎಷ್ಟು ಊರಿಗೆ ಹೋಯಿತು ಅನ್ನುವುದೇ ಗೊತ್ತಿಲ್ಲದೆ ಮನೆಯವರನ್ನು ಅಳೆಯುವುದು ಯಾಕೆ? ಸೋರುವ ವಾಲ್ವ್ ಗುಂಡಿಯ ಸುತ್ತ ಬರಗಾಲದಲ್ಲೂ ಹುಲ್ಲು ಹಸಿರಾಗಿರುತ್ತದೆ. ಅಲ್ಲಿಂದ ಶುರು ಮಾಡಿ.

15ನೇ ಹಣಕಾಸು ಆಯೋಗದ ಹಣ ಬರುತ್ತಿತ್ತಲ್ಲ, ಅದರಲ್ಲಿ ಎಲ್ಲ ಮಾಡಬಹುದಿತ್ತಲ್ಲ?

2021-22ರಿಂದ 2025-26ರವರೆಗಿನ ಆ ಅನುದಾನದಲ್ಲಿ 100ಕ್ಕೆ 60 ನಿರ್ಬಂಧಿತವಾಗಿತ್ತು, ಅಂದರೆ ಹೇಳಿದ ಕೆಲಸಕ್ಕೇ ಬಳಸಬೇಕಿತ್ತು. ಅದರ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಬರದ ವರ್ಷ ನೀರಿನ ಪಾಲು ಜನವರಿಯಲ್ಲೇ ಖಾಲಿ. ಆಮೇಲೆ ಚರಂಡಿ, ಬೀದಿ ದೀಪ, ಅಂಗನವಾಡಿ ರಿಪೇರಿಗೆ ಇಟ್ಟಿದ್ದ ಹಣದ ಮೇಲೆ ಕಣ್ಣು. ಹಾಗಾಗಿ ನಿಮ್ಮ ಬೀದಿಯ ಚರಂಡಿ ಈ ವರ್ಷ ಯಾಕೆ ಆಗಲಿಲ್ಲ ಅನ್ನುವುದಕ್ಕೂ ಬರವೇ ಕಾರಣ ಇರಬಹುದು.

ಕೆರೆ ತುಂಬಿತು. ಇನ್ನು ಪಂಚಾಯಿತಿ ಕಷ್ಟ ಮುಗಿಯಿತಲ್ಲ?

ನೀರಿನ ಕಷ್ಟ ಮುಗಿಯಿತು. ಹಣದ ಕಷ್ಟ ಶುರುವಾಗುವುದೇ ಆಗ. ಬರದಲ್ಲಿ ಎಲ್ಲರೂ "ಮೊದಲು ನೀರು ಕೊಡಿ, ದುಡ್ಡು ಆಮೇಲೆ" ಅಂದಿರುತ್ತಾರೆ. ಕೆರೆ ಕೋಡಿ ಬಿದ್ದ ವಾರ ಟ್ಯಾಂಕರ್‌ನವರು, ಮೋಟರ್ ವೈಂಡಿಂಗ್‌ನವರು, ಬೋರ್ ಬಾಡಿಗೆಯವರು ಬಂದು ಬೆಂಚಿನ ಮೇಲೆ ಕೂರುತ್ತಾರೆ. ಕರೆಂಟ್ ಬಿಲ್ ಬಾಕಿಗೆ ಬಡ್ಡಿ ಸೇರುತ್ತಿರುತ್ತದೆ. ಊರಿನವರು ಗಂಗೆ ಪೂಜೆ ಮಾಡಿ ಬಾಗಿನ ಬಿಡುವ ಸಂಭ್ರಮದಲ್ಲಿರುತ್ತಾರೆ. ಬರ ಯಾರಿಗೂ ನೆನಪಿರುವುದಿಲ್ಲ, ವೋಚರ್ ಕಟ್ಟಿಗೆ ಬಿಟ್ಟು.

ಒಂದು ಬರದ ಸಾಲ ತೀರಿಸಲು ನಮಗೆ ಎರಡು ಒಳ್ಳೇ ಮಳೆಗಾಲ ಬೇಕಾಯಿತು. ಅಷ್ಟರಲ್ಲಿ ಬೋರ್‌ಗಳಿಗೆ ಮಾಡಬೇಕಿದ್ದ ಫ್ಲಶಿಂಗ್, ಅಂದರೆ ಒಳಗಿನ ಹೂಳು ತೊಳೆಯುವುದು, ಇಲ್ಲ, ಹಳೇ ಪೈಪ್ ಬದಲಾಯಿಸಿದ್ದಿಲ್ಲ. ಮುಂದಿನ ಬರ ಬಂದಾಗ ನಾವು ಮೊದಲಿಗಿಂತ ಬಡವರಾಗಿದ್ದೆವು.

ಹಾಗಾದರೆ ಒಳ್ಳೇ ಮಳೆಯ ವರ್ಷ ಏನು ಮಾಡಬೇಕು?

ಅರಸೀಕೆರೆ ಅನ್ನುವ ಹೆಸರಲ್ಲೇ ಕೆರೆ ಇದೆ, ಅರಸಿಯ ಕೆರೆ. ಕೆರೆ ಇಲ್ಲದೆ ಇಲ್ಲಿ ಊರು ನಿಲ್ಲುವುದಿಲ್ಲ ಅಂತ ಹೊಯ್ಸಳರ ಕಾಲದವರಿಗೂ ಗೊತ್ತಿತ್ತು. ಅವರ ಹತ್ತಿರ ರಿಗ್ ಲಾರಿ ಇರಲಿಲ್ಲ, ಅದೂ ಒಂದು ಪುಣ್ಯ. ಕೆರೆಗೆ ನೀರು ಬರುವ ಕಾಲುವೆ ಒತ್ತುವರಿಯಾಗಿದ್ದರೆ ಹೂಳು ತೆಗೆದು ಏನೂ ಪ್ರಯೋಜನವಿಲ್ಲ. ಮೊದಲು ಕಾಲುವೆ, ಆಮೇಲೆ ಹೂಳು. ಗುತ್ತಿಗೆದಾರರಿಗೆ ಹೂಳೇ ಇಷ್ಟ, ಯಾಕೆಂದರೆ ಅದಕ್ಕೆ ಯಾರ ಜೊತೆಗೂ ಜಗಳ ಆಡಬೇಕಿಲ್ಲ.

ಪ್ರತಿ ಪಂಚಾಯಿತಿ ಬೋರಿನ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬೋರ್ಡಿನ ಮೇಲೆ ಬರೆಯಿರಿ. ಇದಕ್ಕೆ ದೊಡ್ಡ ಯಂತ್ರ ಬೇಡ. ನವೆಂಬರಿನಲ್ಲಿ ಮಟ್ಟ ಎಲ್ಲಿದೆ ಅಂತ ಗೊತ್ತಾದರೆ ಏಪ್ರಿಲಿನಲ್ಲಿ ಏನಾಗುತ್ತೆ ಅಂತ ನೀರುಗಂಟಿಯೇ ಹೇಳುತ್ತಾನೆ. ಡಿಸೆಂಬರಿನಲ್ಲೇ ದಿನ ಬಿಟ್ಟು ದಿನ ನೀರು ಅಂತ ಕಟ್ಟು ಮಾಡಿದ ಊರು ಮೇ ತನಕ ಎಳೆಯುತ್ತದೆ. ಮಾರ್ಚ್ ತನಕ ದಿನಾ ನೀರು ಬಿಟ್ಟ ಊರು ಏಪ್ರಿಲಿನಲ್ಲಿ ಟ್ಯಾಂಕರ್ ಕಾಯುತ್ತದೆ. ಡಿಸೆಂಬರಿನಲ್ಲಿ ನೀರು ಕಡಿಮೆ ಮಾಡಿದ ಅಧ್ಯಕ್ಷರನ್ನು ಜನ ಬೈಯುತ್ತಾರೆ, ಅದಕ್ಕೇ ಯಾರೂ ಮಾಡುವುದಿಲ್ಲ.

ವಸೂಲಾದ ನೀರಿನ ಕಂದಾಯದಲ್ಲಿ ಒಂದು ಪಾಲನ್ನು ಬೇರೆ ಇಡಿ. ನಾವು ಒಂದು ವರ್ಷ ಇಟ್ಟೆವು. ಎರಡು ಮೋಟರ್ ರಿಪೇರಿಗೆ ಯಾರ ಕೈಯನ್ನೂ ಕಾಯಲಿಲ್ಲ.

ನಮ್ಮ ಮನೆಯ ಹಳೇ ನೀರಿನ ಬಾಕಿ ಮೂರು ವರ್ಷದ್ದಿದೆ. ಒಂದೇ ಸಲ ಆಗಲ್ಲ. ಏನು ಮಾಡಲಿ?

ಪಂಚಾಯಿತಿಗೆ ಹೋಗಿ ಇಷ್ಟಿಷ್ಟು ಅಂತ ಕಟ್ಟುತ್ತೇನೆ ಎಂದು ಕೇಳಿ. ಬಿಡಿಬಿಡಿಯಾಗಿ ಕಟ್ಟುವವರನ್ನು ನಾನು ಒಮ್ಮೆಯೂ ವಾಪಸ್ ಕಳಿಸಿಲ್ಲ. ಪ್ರತಿ ಸಲವೂ ರಸೀದಿ ತಗೊಳ್ಳಿ, ಯಾವ ವರ್ಷದ ಬಾಕಿ ಅಂತ ಅದರ ಮೇಲೆ ಬರೆಸಿ. ರಸೀದಿ ಕೊಡದವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಅದು ನನ್ನ ಕೆಲಸ ಮಾಡುತ್ತಿರುವ ಹುಡುಗನೇ ಆಗಿದ್ದರೂ ಸರಿ.